ಯಶ್ಮಿತಾಳ ಪಾತಿ

ಜೂನ್ 27, ಗುರುವಾರ. ಗುಬ್ರಾ, ಮಸ್ಕತ್

ಉಮ್ಮ ಫೋನ್ ಮಾಡಿದ್ದರು. ಹೆತ್ತ ತಾಯಿಗೆ ನಮ್ಮ ಬ್ಯಾರಿ ಭಾಷೆಯಲ್ಲಿ ಬೇರೆ ಪದ ಇಲ್ಲವಾದ್ದರಿಂದ ಇಲ್ಲಿಯೂ ಉಮ್ಮ ಎಂದೇ ಬರೆಯುತ್ತೇನೆ. ಅದರಲ್ಲಿ ಪ್ರೀತಿ ಹುಡುಕಬೇಕಾಗಿಲ್ಲ.

“ಮೇಡಂ ಖಸಬ್‌ಗೆ ಹೋಗುವ ಅಂತಿದ್ದಾರೆ. ಯಶು ಓದ್ಲಿಕ್ಕೆ ಇಂಗ್ಲೆಂಡಿಗೆ ಹೋಗ್ತಾಳಲ್ಲ, ಅದಕ್ಕೆ ಮುಂಚೆ ಒಂದು ಟ್ರಿಪ್. ದೊಡ್ಡ ಮರದ ದೋಣಿ, ಎರಡು ದಿನ ಸಮುದ್ರದಲ್ಲೇ. ಸಾರ್‌ಗೆ ರಜೆ ಇಲ್ಲ, ಜಾಗ ಉಂಟು, ನಿಮ್ಮ ಮಗಳನ್ನೂ ಕರೀರಿ ಅಂದರು.”

“ಜುಲೈಯಲ್ಲಾ? ಈ ಬಿಸಿಲಿಗೆ ಯಾರು ಹೋಗ್ತಾರೆ ಅಲ್ಲಿಗೆ?”

“ಯಶುಗೆ ಡಾಲ್ಫಿನ್ ನೋಡ್ಬೇಕಂತೆ.”

ಯಶುಗೆ ನೋಡಬೇಕಂತೆ. ಅಲ್ಲಿಗೆ ಮಾತು ಮುಗಿಯಿತು. ಯಶು ಅಂದರೆ ಯಶ್ಮಿತಾ, ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಉಮ್ಮ ಕೆಲಸಕ್ಕಿರುವ ಮನೆಯ ಒಬ್ಬಳೇ ಮಗಳು. ಅವಳು ಹುಟ್ಟಿದ ವರ್ಷವೇ ಉಮ್ಮ ಆ ಮನೆಗೆ ಕೆಲಸಕ್ಕೆ ಸೇರಿದ್ದು. ನನ್ನ ತಂದೆ, ಬಾಪ, ತೀರಿಕೊಂಡು ವರ್ಷ ಕಳೆದಿರಲಿಲ್ಲ, ನನಗೆ ಒಂಬತ್ತು ವಯಸ್ಸು. “ಎರಡೇ ವರ್ಷ” ಎಂದು ಹೇಳಿ, ಉಳ್ಳಾಲದಲ್ಲಿ ಅಜ್ಜಿಯ ಕೈಗೆ ನನ್ನನ್ನು ಕೊಟ್ಟು ಹೋದರು. ಯಶ್ಮಿತಾಳಿಗೆ ನಡೆಯಲು ಕಲಿಸಿದ್ದು ಅವರು, ಉಣ್ಣಲು ಕಲಿಸಿದ್ದು ಅವರು, ಶಾಲೆಯ ಬಸ್ಸಿಗೆ ಹತ್ತಿಸಿದ್ದು ಅವರು. ನನಗೆ ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ಬಂದು ಹಾಲಿನ ಪುಡಿಯ ಡಬ್ಬಗಳನ್ನು ಕೊಟ್ಟು ಹೋಗುತ್ತಿದ್ದರು.

ಈಗ ನಾನೂ ಒಮಾನಿನಲ್ಲಿದ್ದೇನೆ. ಇಲ್ಲಿಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸ್. ಉಮ್ಮನ ಮನೆ ಟ್ಯಾಕ್ಸಿಯಲ್ಲಿ ಹತ್ತಿರವೇ. ಬಂದು ನಾಲ್ಕು ತಿಂಗಳಾಯಿತು. ನಾನು ಅಲ್ಲಿಗೆ ಹೋದದ್ದು ಎರಡು ಸಲ.

ಬರುವುದಿಲ್ಲ ಎನ್ನುವಷ್ಟರಲ್ಲಿ ಅವರು ಹೇಳಿದರು: “ಯಶು ಹೋದ ಮೇಲೆ ನನ್ನ ಕೆಲಸ ಖಲಾಸ್. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸ್ತಾರೆ. ಅದರ ಬಗ್ಗೆ ನಿನ್ನ ಹತ್ರ ಸ್ವಲ್ಪ ಮಾತಾಡ್ಲಿಕ್ಕೆ ಉಂಟು. ದೋಣಿಯಲ್ಲಿ ಆರಾಮದಲ್ಲಿ ಮಾತಾಡ್ಬಹುದು.”

ನನ್ನ ರೂಮಿನ ಆಲ್ಬಿನಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಹೋಗು ಮಾರಾಯ್ತಿ, ಅಮ್ಮ ಅಲ್ವಾ,” ಅಂದಳು. ಅವಳ ಅಮ್ಮ ಅವಳಿಗೆ ಹತ್ತನೇ ಕ್ಲಾಸಿನವರೆಗೂ ಜಡೆ ಹಾಕಿ ಕಳಿಸಿದವರು. ಅವಳಿಗೆ ಸುಲಭ.

ಹೋಗುತ್ತೇನೆ. ಅವರ ಮಾತು ಕೇಳಲು ಅಲ್ಲ. ನನ್ನದನ್ನು ಹೇಳಲು.

ಜುಲೈ 4, ಗುರುವಾರ. ಖಸಬ್

ಶಿನಾಸ್‌ನಿಂದ ಹಡಗಿನಲ್ಲಿ ಬಂದೆವು. ಒಮಾನಿನ ಉತ್ತರದ ತುದಿ ಇದು. ನಡುವೆ ಬೇರೆ ದೇಶದ ನೆಲ ಇರುವುದರಿಂದ ರಸ್ತೆಯಲ್ಲಿ ಬಂದರೆ ಗಡಿ ದಾಟಬೇಕು, ಅದಕ್ಕೆ ಸಮುದ್ರದ ದಾರಿ. ಅರ್ಧ ದಾರಿಯಲ್ಲಿ ನನಗೆ ವಾಂತಿ ಶುರುವಾಯಿತು. ಉಮ್ಮ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದು ಬೆನ್ನು ಸವರಿದರು. ಕೈ ತೆಗೆಯಿರಿ ಎಂದೆ. ತೆಗೆದರು, ಆದರೆ ಚೀಲ ಬಿಡಲಿಲ್ಲ.

ಯಶ್ಮಿತಾ ಎದುರು ಸೀಟಿನಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕುಳಿತಿದ್ದಳು. “ಪಾತಿ, ಈಸ್ ಶೀ ಓಕೆ?” ಎಂದು ಕೇಳಿದಳು. ನನ್ನನ್ನು ಕೇಳಲಿಲ್ಲ. ಪಾತಿ ಎಂದರೆ ನನ್ನ ಉಮ್ಮ. ಮಾತು ಕಲಿಯುವಾಗ ಫಾತಿಮಾ ಎನ್ನಲು ಬರದೆ ಹಾಗೆ ಕರೆದಳಂತೆ, ಅದೇ ಉಳಿಯಿತಂತೆ. ಇದನ್ನು ನನಗೆ ಹೇಳುವಾಗ ಉಮ್ಮನ ಮುಖ ನೋಡಬೇಕಿತ್ತು.

ಅವಳ ಅಮ್ಮ ವಾರಿಜಾಕ್ಷಿ ಮೇಡಂ ಒಳ್ಳೆಯವರಂತೆ ಇರಲು ಬಹಳ ಕಷ್ಟಪಡುತ್ತಾರೆ. “ಫಾತಿಮಾ, ಈ ಸಲ ನೀವು ಗೆಸ್ಟ್, ಎಂತ ಕೆಲಸ ಮಾಡ್ಲಿಕ್ಕಿಲ್ಲ ಗೊತ್ತುಂಟಲ್ಲ,” ಅಂದರು. ಹಡಗಿನಿಂದ ಇಳಿಯುವಾಗ, “ಫಾತಿಮಾ, ಯಶುವಿನ ಟೊಪ್ಪಿ ಎಲ್ಲಿ?” ಟೊಪ್ಪಿ ಉಮ್ಮನ ಬ್ಯಾಗಿನಲ್ಲಿತ್ತು. ಸನ್‌ಸ್ಕ್ರೀನೂ ಇತ್ತು, ಅವಳಿಗೆ ಇಷ್ಟದ ಗೋಡಂಬಿಯೂ ಇತ್ತು. ನನಗೆ ವಾಂತಿಯ ಚೀಲ.

ಸಂಜೆ ಹೋಟೆಲಿನಿಂದ ನನ್ನ ಮಗಳು ರಾಫಿಯಾಗೆ ವಿಡಿಯೊ ಕಾಲ್ ಮಾಡಿದೆ. ಮೂರೂವರೆ ವರ್ಷ ಅವಳಿಗೆ. ಪಾಣೆಮಂಗಳೂರಿನಲ್ಲಿ ನನ್ನ ಅತ್ತೆಯ ಜೊತೆ ಇದ್ದಾಳೆ. ನನ್ನ ಗಂಡ ಅಫ್ರಾಜ್ ಸೌದಿಯ ಜುಬೈಲ್‌ನಲ್ಲಿ. ಮನೆಯಲ್ಲಿ ಎಲ್ಲರೂ ಅತ್ತೆಯನ್ನು ಉಮ್ಮ ಎನ್ನುತ್ತಾರೆ, ನನ್ನನ್ನು ಆಫಿಯಾ ಎನ್ನುತ್ತಾರೆ. ಅವಳೂ ಹಾಗೆಯೇ. “ಉಮ್ಮಾ, ಆಫಿಯಾ ಫೋನ್” ಎಂದು ಕೂಗಿ ಬೆಕ್ಕಿನ ಹಿಂದೆ ಓಡಿದಳು. ಮಕ್ಕಳು ಕೇಳಿದ್ದನ್ನೇ ಹೇಳುತ್ತವೆ, ಅದರಲ್ಲಿ ಬೇಸರಿಸಲು ಏನಿದೆ. ನನ್ನದು ಬೇರೆ ವಿಷಯ. ನಾನು ನಿಜವಾಗಿ ಎರಡೇ ವರ್ಷಕ್ಕೆ ಬಂದವಳು.

ಉಮ್ಮ ಹಿಂದಿನಿಂದ ಇಣುಕುತ್ತಿದ್ದರು. ಫೋನನ್ನು ತಿರುಗಿಸಿಕೊಂಡೆ.

ಜುಲೈ 5, ಶುಕ್ರವಾರ. ದೋಣಿಯಲ್ಲಿ

ಇಲ್ಲಿ ಬೆಟ್ಟಗಳ ನಡುವೆ ಸಮುದ್ರ ಒಳಗೊಳಗೆ ನುಗ್ಗಿದೆ. ಅದಕ್ಕೆ ಖೋರ್ ಎನ್ನುತ್ತಾರೆ. ಕ್ಯಾಲೆಂಡರಿನಲ್ಲಿ ಹಾಕುವಂಥ ಜಾಗ ಎಂದು ಮೇಡಂ ಹೇಳಿದರು. ಒಂದು ಹುಲ್ಲುಕಡ್ಡಿ ಇಲ್ಲದ ಬೆಟ್ಟಗಳು ನೀರಿನಿಂದ ನೆಟ್ಟಗೆ ಎದ್ದು ನಿಂತಿವೆ, ಬಿಸಿಲನ್ನೆಲ್ಲ ಹೀರಿ ನಮ್ಮ ಮೇಲೆ ಉಗುಳುತ್ತಿವೆ. ಗಾಳಿ ಒಳಗೆ ಬರುವುದಿಲ್ಲ. ಅಕ್ಕಿಯ ಪುಂಡಿ ಹಬೆಯಲ್ಲಿ ಬೇಯಿಸುವ ಪಾತ್ರೆಯೊಳಗೆ ನಮ್ಮನ್ನು ಮುಚ್ಚಿಟ್ಟ ಹಾಗೆ. ದಡದಲ್ಲಿ ಅಲ್ಲೊಂದು ಇಲ್ಲೊಂದು ಹಳ್ಳಿ, ನಾಲ್ಕಾರು ಮನೆ, ಎಲ್ಲದಕ್ಕೂ ಬೀಗ. ಬೇಸಿಗೆಯಲ್ಲಿ ಇಲ್ಲಿಯವರೇ ಇಲ್ಲಿ ಇರುವುದಿಲ್ಲವಂತೆ, ಖರ್ಜೂರ ಕೊಯ್ಯಲು ಖಸಬ್‌ಗೆ ಹೋಗಿಬಿಡುತ್ತಾರಂತೆ. “ಗರ್ಮೀ ಮೇ ಕೋಯೀ ನಹೀ ಆತಾ,” ಬೇಸಿಗೆಯಲ್ಲಿ ಯಾರೂ ಬರುವುದಿಲ್ಲ, ಎಂದು ದೋಣಿ ನಡೆಸುವ ಹಮೂದ್ ನಕ್ಕ. ಒಮಾನಿ, ವಯಸ್ಸಾದವನು, ಹಿಂದಿ ಚೆನ್ನಾಗಿ ಮಾತನಾಡುತ್ತಾನೆ. ಅವನ ಪ್ರಕಾರ ನಮಗೆ ತಲೆ ಸರಿ ಇಲ್ಲ. ಈ ಪ್ರವಾಸದಲ್ಲಿ ನನಗೆ ಹಿಡಿಸಿದ ಮನುಷ್ಯ ಅವನೊಬ್ಬನೇ.

ದೋಣಿಗೆ ಜಮಖಾನೆ ಹಾಸಿ ದಿಂಬು ಇಟ್ಟಿದ್ದಾರೆ, ಮೇಲೆ ಬಟ್ಟೆಯ ಚಪ್ಪರ. ಯಶ್ಮಿತಾ ಉಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಹದಿನೆಂಟು ವರ್ಷದ ಹುಡುಗಿ, ನಾಚಿಕೆಯಿಲ್ಲ. ಉಮ್ಮನ ಬೆರಳು ತಾನಾಗಿ ಅವಳ ಕೂದಲಿಗೆ ಹೋಯಿತು. ಕಣ್ಣು ಸಮುದ್ರದ ಮೇಲೆ, ಬೆರಳು ಸಿಕ್ಕು ಬಿಡಿಸುತ್ತಿತ್ತು. ಅಷ್ಟು ಅಭ್ಯಾಸ ಅವರಿಗೆ.

ಡಾಲ್ಫಿನ್ ಬಂದವು. ದೋಣಿಯ ಪಕ್ಕದಲ್ಲೇ ಹಾರಿದವು, ಹಮೂದ್ ಶಿಳ್ಳೆ ಹಾಕಿದ, ಮೇಡಂ ವಿಡಿಯೊ ಮಾಡಿದರು. ಯಶ್ಮಿತಾ ಅಂಚಿನಿಂದ ಬಗ್ಗಿ ಕಿರುಚುತ್ತಿದ್ದಳು. ನಾನು ಡಾಲ್ಫಿನ್ ನೋಡಿದ್ದು ಕಡಿಮೆ. ಅವಳು ಬೀಳದ ಹಾಗೆ ಹಿಂದಿನಿಂದ ಅವಳ ಅಂಗಿ ಹಿಡಿದಿದ್ದ ಉಮ್ಮನ ಕೈಯನ್ನೇ ನೋಡುತ್ತಿದ್ದೆ.

ಮಧ್ಯಾಹ್ನ ತಾಯಿ ಮಗಳು ನೀರಿಗಿಳಿದಾಗ ಉಮ್ಮ ನನ್ನ ಹತ್ತಿರ ಬಂದು ಕುಳಿತರು. ಕೈಯಲ್ಲಿ ಹಮೂದ್ ಹಿಡಿದ ಮೀನು. ಗೆಸ್ಟ್ ಆದವರು ಮೀನು ಕ್ಲೀನ್ ಮಾಡುತ್ತಿದ್ದರು.

“ನಾನು ಒಂದು ಆಲೋಚನೆ ಮಾಡಿದ್ದೇನೆ,” ಅಂದರು. “ಊರಿಗೆ ಹೋಗಿ ಪಾಣೆಮಂಗಳೂರಲ್ಲೇ ಒಂದು ಬಾಡಿಗೆ ಮನೆ ಹಿಡೀತೇನೆ. ನಿನ್ನ ಅತ್ತೆಗೆ ಮಂಡಿ ನೋವು, ಮಗುವಿನ ಹಿಂದೆ ಓಡ್ಲಿಕ್ಕೆ ಆಗುದಿಲ್ಲ ಪಾಪ. ಹಗಲು ನಾನು ನೋಡಿಕೊಳ್ತೇನೆ.”

“ಯಾರನ್ನು?”

“ರಾಫಿಯಾನ್ನ.”

“ಅತ್ತೆಯ ಹತ್ರ ಮಾತಾಡಿದ್ದೀರಾ?”

ಮೀನನ್ನು ಮಗುಚಿ ಹಾಕಿದರು. ಅಂದರೆ ಮಾತಾಡಿದ್ದರು. ನನ್ನ ಬೆನ್ನ ಹಿಂದೆ.

“ಬೇಡ,” ಅಂದೆ.

“ಯಾಕೆ?”

“ನನ್ನನ್ನು ಸಾಕ್ಲಿಕ್ಕೆ ಆಗ್ಲಿಲ್ಲ ಅಂತ ನನ್ನ ಮಗಳ ಮೇಲೆ ಶುರು ಮಾಡುದು ಬೇಡ. ಇಲ್ಲಿ ಒಂದನ್ನು ಸಾಕಿ ಆಯ್ತಲ್ಲ, ಸಾಕು. ನಿಮಗೆ ಹೊತ್ತು ಹೋಗದಿದ್ರೆ ಬೆಕ್ಕು ಸಾಕಿ.”

ಅವರು ಮೀನಿನ ಹೊಟ್ಟೆಯಿಂದ ಕರುಳು ತೆಗೆದು ಸಮುದ್ರಕ್ಕೆ ಎಸೆದರು. ಕೈ ತೊಳೆದರು. ಅಷ್ಟರಲ್ಲಿ ನೀರಿನಿಂದ, “ಪಾತಿ! ಟವೆಲ್!” ಎಂದು ಕೂಗು. ಎದ್ದು ಹೋದರು.

ಹೇಳಬೇಕೆಂದಿದ್ದನ್ನು ಹೇಳಿಯಾಯಿತು. ಸಮಾಧಾನ ಆಗಬೇಕಿತ್ತು. ಈ ಸೆಕೆಗೆ ಯಾವುದೂ ಆಗುವುದಿಲ್ಲ.

ಜುಲೈ 6, ಶನಿವಾರ. ಮತ್ತೆ ಖಸಬ್

ಎಲ್ಲಿಂದ ಬರೆಯಲಿ.

ಬೆಳಿಗ್ಗೆ ಖೋರ್‌ನಿಂದ ಹೊರಬಂದು ಕುಮ್ಝಾರ್ ಕಡೆ ಹೊರಟಿದ್ದೆವು. ಇನ್ನೂ ಉತ್ತರಕ್ಕೆ, ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲದ ಊರು ಅದು. ಯಶ್ಮಿತಾಳಿಗೆ ಅಲ್ಲಿ ಫೋಟೊ ತೆಗೆಯಬೇಕಿತ್ತು. ನಿನ್ನೆಯಿಂದ ಸತ್ತು ಬಿದ್ದಿದ್ದ ನೆಟ್‌ವರ್ಕ್ ಖೋರ್‌ನ ಬಾಯಿ ದಾಟುವಾಗ ಒಂದು ಕ್ಷಣ ಬಂತು, ನನ್ನ ಫೋನ್ ಟಿಣ್ ಟಿಣ್ ಎಂದಿತು. ಅತ್ತೆಯ ವಾಯ್ಸ್ ಮೆಸೇಜ್. “ಆಫಿಯಾ, ಹೆದರ್ಬೇಡ, ಮಗುವಿಗೆ ರಾತ್ರಿಯಿಂದ ಜ್ವರ ಇತ್ತು, ಈಗ ಕಣ್ಣು ಮೇಲೆ ಮಾಡಿ ಕೈಕಾಲು ಸೆಟೆದುಕೊಂಡಳು, ರಿಕ್ಷಾದಲ್ಲಿ ಆಸ್ಪತ್ರೆಗೆ…” ಹಿಂದೆ ಯಾರೋ ಅಳುತ್ತಿದ್ದರು. ಅದು ರಾಫಿಯಾ ಅಲ್ಲ. ರಾಫಿಯಾಳ ಸದ್ದೇ ಇರಲಿಲ್ಲ.

ತಿರುಗಿ ಫೋನ್ ಮಾಡಿದೆ, ಹೋಗಲಿಲ್ಲ. ಬೆಟ್ಟ ಅಡ್ಡ ಬಂದಿತ್ತು.

ನಾನು ಮಕ್ಕಳ ವಾರ್ಡಿನ ನರ್ಸ್. ಜ್ವರ ಏರಿದಾಗ ಈ ವಯಸ್ಸಿನ ಮಕ್ಕಳಿಗೆ ಫಿಟ್ಸ್ ಬರುವುದುಂಟು, ಹೆಚ್ಚಿನವು ತಾವಾಗಿ ನಿಲ್ಲುತ್ತವೆ. ವಾರದಲ್ಲಿ ಒಂದಾದರೂ ತಾಯಿಗೆ ಇದನ್ನೇ ಹೇಳಿ ಸಮಾಧಾನ ಮಾಡುತ್ತೇನೆ. ಅದನ್ನೇ ಗಟ್ಟಿಯಾಗಿ ಹೇಳಿದೆ, ಮೇಡಂ ಕೇಳಿದ್ದಕ್ಕೆ. ನನ್ನ ದನಿ ಡ್ಯೂಟಿಯಲ್ಲಿ ಇರುವ ಹಾಗೇ ಇತ್ತು.

“ಹಾಗಾದ್ರೆ ಹೆದರ್ಲಿಕ್ಕಿಲ್ಲ ಅಲ್ವಾ,” ಎಂದರು ಮೇಡಂ. “ಕುಮ್ಝಾರ್ ಇಲ್ಲೇ ಹತ್ತಿರ. ಅಲ್ಲಿ ನೆಟ್‌ವರ್ಕ್ ಇರ್ಲಿಕ್ಕೂ ಸಾಕು. ಈಗ ತಿರುಗಿದ್ರೂ ನೀನು ಇಲ್ಲಿಂದ ಎಂತ ಮಾಡ್ಲಿಕ್ಕಾಗ್ತದೆ, ಹೇಳು?”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. “ಹೌದು, ಹೋಗುವ,” ಎಂದೆ. ನಿಜವಾಗಿಯೂ ಹಾಗೆಂದೆ. ಅವರೆದುರು ಬೇಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಉಮ್ಮ ಗ್ಲಾಸುಗಳನ್ನು ತೊಳೆಯುತ್ತಿದ್ದರು. ಅವನ್ನು ಹಾಗೆಯೇ ಬಿಟ್ಟು ಹಿಂದೆ ಹೋಗಿ ಹಮೂದ್‌ನ ಪಕ್ಕ ನಿಂತರು. “ಖಲಾಸ್. ಖಸಬ್. ಯಲ್ಲಾ,” ಅಂದರು.

ಹಮೂದ್ ಮೇಡಂ ಕಡೆ ನೋಡಿದ. ದೋಣಿ ಬಾಡಿಗೆಗೆ ಹಿಡಿದವರು ಅವರು.

“ಫಾತಿಮಾ, ಎಂತ ಇದು?” ಎಂದರು ಮೇಡಂ. “ಅವಳೇ ಹೇಳ್ತಿದ್ದಾಳಲ್ಲ ಬೇಡ ಅಂತ.”

“ಅವಳಿಗೆ ಹೇಳ್ಲಿಕ್ಕೆ ಬರುದಿಲ್ಲ ವಾರಿಜಾಕ್ಷಿ. ನನ್ನ ಹಾಗೇ ಅವಳು,” ಅಂದರು ಉಮ್ಮ. “ದೋಣಿ ತಿರುಗ್ಬೇಕು.”

ಮೇಡಂ ಎನ್ನಲಿಲ್ಲ. ಹೆಸರು ಹಿಡಿದು ಕರೆದರು. ಯಶ್ಮಿತಾ ಕಿವಿಯಿಂದ ವಯರು ತೆಗೆದಳು. ಮೇಡಂ ಹಮೂದ್‌ಗೆ ಕೈ ಸನ್ನೆ ಮಾಡಿದರು. ಅವನು ಅದಕ್ಕೂ ಮೊದಲೇ ತಿರುಗಿಸಲು ಶುರು ಮಾಡಿದ್ದ ಎಂದು ನನ್ನ ಅನಿಸಿಕೆ.

ಖಸಬ್‌ವರೆಗಿನ ಆ ದಾರಿಯನ್ನು ನಾನು ಮರೆಯಲಾರೆ. ಎಷ್ಟು ಹೊತ್ತು ಎಂದು ನೋಡಲಿಲ್ಲ. ಬಲಗಡೆ ದೊಡ್ಡ ದೊಡ್ಡ ಎಣ್ಣೆ ಹಡಗುಗಳು ನಿಂತಲ್ಲೇ ನಿಂತ ಹಾಗೆ ಕಾಣುತ್ತಿದ್ದವು. ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದೆ. ಉಮ್ಮ ಒದ್ದೆ ಶಾಲನ್ನು ನನ್ನ ತಲೆಯ ಮೇಲೆ ಹಾಕಿದರು. ಕಿತ್ತೆಸೆದೆ. ಮತ್ತೆ ಹಾಕಿದರು.

ಆಗಲೇ ನಾನು ಕೇಳಿದ್ದು. ಹದಿನೇಳು ವರ್ಷ ಕೇಳದೇ ಇದ್ದದ್ದು ಆ ಬಿಸಿಲಿನಲ್ಲಿ, ಅವರೆಲ್ಲರ ಎದುರಲ್ಲಿ ಬಂತು.

“ಇವತ್ತು ತಿರುಗಿಸ್ಲಿಕ್ಕೆ ಗೊತ್ತಾಯ್ತಲ್ಲ. ನಾನು ಟೈಫಾಯ್ಡ್ ಆಗಿ ಆಸ್ಪತ್ರೆಯಲ್ಲಿ ಬಿದ್ದಾಗ ಯಾಕೆ ಬರ್ಲಿಲ್ಲ? ಅಜ್ಜಿ ನಿಮಗೆ ಫೋನ್ ಮಾಡಿಸಿದ್ದು ನಾನು ಕೇಳಿದ್ದೇನೆ. ಇವರು ಬಿಡ್ಲಿಲ್ಲವಾ? ಪಾಸ್‌ಪೋರ್ಟ್ ಕೊಡ್ಲಿಲ್ಲವಾ? ಹೇಳಿ, ಇಲ್ಲೇ ಇದ್ದಾರಲ್ಲ.”

ಮೇಡಂ ಸಮುದ್ರ ನೋಡುತ್ತಿದ್ದರು. ಹೌದು ಎಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಬಿಡಲಿಲ್ಲ ಎಂದರೆ ಸಾಕಿತ್ತು. ನನ್ನ ಸಿಟ್ಟನ್ನೆಲ್ಲ ಗಂಟು ಕಟ್ಟಿ ಆ ಹೆಂಗಸಿನ ತಲೆಗೆ ಹಾಕಿಬಿಡುತ್ತಿದ್ದೆ.

“ಬಿಡ್ತಿದ್ದರು,” ಎಂದರು ಉಮ್ಮ. “ಒಂದು ಸಲ ಕೇಳಿದೆ. ಎರಡು ದಿನ ನೋಡಿ ಅಂದರು. ಇನ್ನೊಂದು ಸಲ ಕೇಳಿದ್ರೆ ಬಿಡ್ತಿದ್ದರು. ನಾನು ಕೇಳ್ಲಿಲ್ಲ.”

“ಯಾಕೆ?”

“ಆಗ ಇವಳಿಗೂ ಜ್ವರ. ಇಷ್ಟು ಸಣ್ಣದು. ಮೇಡಂಗೆ ಶಾಲೆಯಲ್ಲಿ ಟೀಚರ್ ಕೆಲಸ, ಸಾರ್ ದೂರದ ಸೂರ್‌ನಲ್ಲಿ ಪ್ಲಾಂಟ್ ಕೆಲಸದಲ್ಲಿದ್ದರು. ನನ್ನ ಕೈಯಿಂದ ಕೆಳಗಿಟ್ಟರೆ ಉಸಿರು ಕಟ್ಟುವ ಹಾಗೆ ಅಳ್ತಿತ್ತು. ನಿನ್ನ ಹತ್ರ ನನ್ನ ಉಮ್ಮ ಇದ್ದರು. ಇವಳ ಹತ್ರ ಯಾರೂ ಇರ್ಲಿಲ್ಲ.”

“ನಾನು ಸಾಯ್ತಿದ್ರೆ?”

“ಸಾಯ್ತಿದ್ರೆ ನಾನು ಇವಳನ್ನು ಎತ್ತಿಕೊಂಡು ಕೂತಿರ್ತಿದ್ದೆ.” ಅವರು ಅಳಲಿಲ್ಲ. “ಅದು ನನಗೆ ಗೊತ್ತುಂಟು. ನಿನ್ನಿಂದ ಕೇಳ್ಬೇಕಾಗಿಲ್ಲ.”

ಯಶ್ಮಿತಾ, “ಪಾತಿ, ಐ ಡಿಡ್ನ್ಟ್ ನೋ,” ಎಂದು ಬಿಕ್ಕಲು ಶುರು ಮಾಡಿದಳು. ಅವಳಿಗೆ ಆಗ ಒಂದು ವರ್ಷ. ಅವಳಿಗೆ ಗೊತ್ತಿರಬೇಕಿತ್ತು ಎಂದು ಯಾವ ನ್ಯಾಯದಲ್ಲಿ ಹೇಳಲಿ? ಆದರೂ ಅವಳ ಅಳು ಕೇಳಿ ಕೆನ್ನೆಗೆ ಬಾರಿಸಬೇಕೆನಿಸಿತು.

ಖಸಬ್ ಕಾಣುವಾಗ ಅತ್ತೆಗೆ ಕಾಲ್ ಹೋಯಿತು. ಫಿಟ್ಸ್ ರಿಕ್ಷಾದಲ್ಲೇ ನಿಂತಿತ್ತಂತೆ. ಅಡ್ಮಿಟ್ ಮಾಡಿದ್ದಾರೆ, ಜ್ವರ ಇಳಿಯುತ್ತಿದೆ. ನರ್ಸ್ ಯಾರೆಂದು ಕೇಳಿ ಅವಳೊಡನೆ ಮಾತಾಡಿದೆ, ಔಷಧಿಯ ಹೆಸರು, ಡೋಸ್ ಎಲ್ಲ ಕೇಳಿದೆ. ಸರಿಯಿತ್ತು. ಆಮೇಲೆ ಅತ್ತೆ ವಿಡಿಯೊ ಹಾಕಿದರು. ರಾಫಿಯಾಳ ಕೈಯಲ್ಲಿ ಡ್ರಿಪ್ ಹಾಕುವ ಕ್ಯಾನುಲಾ, ಬ್ಯಾಂಡೇಜಿನ ಮೇಲೆ ಯಾರೋ ಪೆನ್ನಿನಲ್ಲಿ ಬೆಕ್ಕಿನ ಮುಖ ಬಿಡಿಸಿದ್ದಾರೆ. “ಆಫಿಯಾ ಬೇಡ,” ಎಂದು ಮುಖ ತಿರುಗಿಸಿ ಅತ್ತೆಯ ಸೀರೆಗೆ ಮೂಗು ಒತ್ತಿದಳು.

ನನ್ನ ಕೈಯಿಂದ ಫೋನ್ ಜಾರಿತು. ದೋಣಿಯ ಅಂಚಿಗೆ ಬಡಿದು ನೀರಿಗೆ ಬೀಳುವುದನ್ನು ಉಮ್ಮ ಹಿಡಿದರು.

ಜುಲೈ 7, ಭಾನುವಾರ

ವಾಪಸ್ ಹಡಗು. ವಾಂತಿ ಆಗಲಿಲ್ಲ. ಮೇಡಂ ನನಗೆ ಜ್ಯೂಸ್ ತಂದುಕೊಟ್ಟರು, ತಾವೇ ಹೋಗಿ. ಕುಡಿದೆ.

ಜುಲೈ 11, ಗುರುವಾರ. ಗುಬ್ರಾ

ರಾಫಿಯಾ ಮನೆಗೆ ಬಂದಿದ್ದಾಳೆ. ನಾನು ರಜೆಗೆ ಕೇಳಿದೆ. ಪ್ರೊಬೇಷನ್ ಮುಗಿಯದೆ ಹೋದರೆ ವಾಪಸ್ ತೆಗೆದುಕೊಳ್ಳುವ ಗ್ಯಾರಂಟಿ ಇಲ್ಲ ಎಂದರು ಸೂಪರ್‌ವೈಸರ್. ಅಫ್ರಾಜ್ ನಿನ್ನ ಇಷ್ಟ ಎಂದ. ಅಂದರೆ ಬೇಡ ಎಂದು. ಯೋಚಿಸಿ ನೋಡಿದರೆ ಜ್ವರ ಇಳಿದಿದೆ, ಅತ್ತೆ ಇದ್ದಾರೆ, ನಾನು ಹೋಗಿ ಮಾಡುವುದಾದರೂ ಏನು. ಇನ್ನೊಂದು ಸಲ ಕೇಳಲಿಲ್ಲ.

ವಾರ್ಡಿನಲ್ಲಿ ಇಂದು ಹೊಸದಾಗಿ ಒಂದು ಮಗು, ನ್ಯುಮೋನಿಯ. ತಾಯಿ ಹೆರಿಗೆಗೆಂದು ಬೇರೆ ಆಸ್ಪತ್ರೆಯಲ್ಲಿದ್ದಾಳೆ, ತಂದೆ ಅಲ್ಲಿಗೂ ಇಲ್ಲಿಗೂ ಓಡುತ್ತಿದ್ದಾನೆ. ಹುಡುಗ ಆಕ್ಸಿಜನ್ ಮಾಸ್ಕ್ ಇಟ್ಟರೆ ಕಿತ್ತೆಸೆಯುತ್ತಾನೆ, ನನ್ನ ಕೈಯಲ್ಲಿದ್ದರೆ ಮಾತ್ರ ಸುಮ್ಮನಿರುತ್ತಾನೆ. ಡ್ಯೂಟಿ ಮುಗಿದ ಮೇಲೂ ನನ್ನ ಬೆರಳು ಬಿಡಲಿಲ್ಲ. ಕೆಳಗಿಡಲು ನೋಡಿದೆ, ಅಳುತ್ತಾ ಉಸಿರು ಮೇಲೆ ಕೆಳಗೆ ಆಯಿತು. ಅವನಿಗೆ ನಿದ್ದೆ ಹಿಡಿಯುವವರೆಗೂ ಎತ್ತಿಕೊಂಡು ಕುಳಿತೆ. ಹೊರಗೆ ಬಂದು ನೋಡಿದರೆ ಅತ್ತೆಯ ಮಿಸ್ಡ್ ಕಾಲ್‌ಗಳು. ರಾಫಿಯಾ ಇವತ್ತು ತಾನಾಗಿಯೇ ಫೋನ್ ಕೇಳಿದ್ದಳಂತೆ. ಕಾದು ಕಾದು ಮಲಗಿದಳಂತೆ.

ಬಸ್ಸಿಗೆ ಕಾಯುತ್ತಾ ಬಹಳ ಹೊತ್ತು ನಿಂತಿದ್ದೆ. ಒಂದು ಬಸ್ ಹೋಯಿತು, ಹತ್ತಲಿಲ್ಲ. ಆಮೇಲೆ ಉಮ್ಮನಿಗೆ ಫೋನ್ ಮಾಡಿದೆ.

“ನಿಮ್ಮ ಟಿಕೆಟ್ ಯಾವಾಗ?”

“ತಿಂಗಳ ಕೊನೆಗೆ ಅಂತ.”

“ಮುಂಚೆ ಹೋಗ್ಲಿಕ್ಕೆ ಆಗುದಿಲ್ಲವಾ?”

ಅಡುಗೆ ಮನೆಯ ನಲ್ಲಿ ನಿಂತ ಸದ್ದು ಕೇಳಿತು.

“ಕೇಳ್ತೇನೆ,” ಎಂದರು. “ಎರಡು ಸಲ ಕೇಳ್ತೇನೆ.”

ಬೇರೆ ದಾರಿಯಿಲ್ಲವೆಂದು ರಾಫಿಯಾಳನ್ನು ಅವರ ಕೈಗೆ ಒಪ್ಪಿಸಿದ್ದು. ಕ್ಷಮಿಸಿದ್ದೇನೆ ಎಂದು ಅವರು ತಿಳಿಯಬಾರದು. ಅದನ್ನೂ ಹೇಳಿ ಫೋನ್ ಇಟ್ಟೆ.

ಜುಲೈ 19, ಶುಕ್ರವಾರ

ಏರ್‌ಪೋರ್ಟಿಗೆ ಹೋಗಬಾರದೆಂದುಕೊಂಡಿದ್ದೆ. ಔಷಧಿಯ ವಿಷಯ ಸರಿಯಾಗಿ ಹೇಳಬೇಕಿತ್ತು, ಹಾಗಾಗಿ ಹೋದೆ. ಜ್ವರ ಬಂದರೆ ಏನು ಮಾಡಬೇಕು, ಫಿಟ್ಸ್ ಬಂದರೆ ಹೇಗೆ ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಕೈಯಲ್ಲಿ ಕಬ್ಬಿಣ ಹಿಡಿಸುವಂಥ ಹಳೇ ಕಾಲದ್ದೆಲ್ಲ ಮಾಡಬಾರದು. ಅವರು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸುತ್ತಾ ಕೇಳಿದರು. ಎಲ್ಲವನ್ನೂ ಬಾಯಿಪಾಠ ಒಪ್ಪಿಸಿ ಎಂದೆ. ಒಪ್ಪಿಸಿದರು.

“ಮತ್ತೆ, ಸಿಹಿ ಕೊಟ್ಟು ಹತ್ತಿರ ಮಾಡಿಕೊಳ್ಬೇಡಿ. ಹಲ್ಲು ಹಾಳಾಗ್ತದೆ.”

“ಇಲ್ಲ.”

“ಬೆಕ್ಕು ಅಂದ್ರೆ ಇಷ್ಟ ಅವಳಿಗೆ. ಓಡಿಸ್ಬೇಡಿ.”

“ಇಲ್ಲ ಆಫಿಯಾ.”

“ನೀವು ಯಾರು ಅಂತ ಕೇಳಿದ್ರೆ ಎಂತ ಹೇಳ್ತೀರಿ?”

ಸ್ವಲ್ಪ ಯೋಚಿಸಿದರು. “ಆಫಿಯಾನ್ನ ಹೆತ್ತವಳು ಅಂತೇನೆ.”

ಸಾಕಿದವಳು ಎನ್ನಲಿಲ್ಲ. ನಾನು ಕಾಯುತ್ತಿದ್ದೆ, ಎಂದಿದ್ದರೆ ಜಗಳ ಮಾಡಲು.

ಯಶ್ಮಿತಾ ಬಂದಿದ್ದಳು, ಮೇಡಂ ಕಾರಿನಲ್ಲೇ ಉಳಿದಿದ್ದರು. ಅವಳು ಉಮ್ಮನನ್ನು ಅಪ್ಪಿಕೊಂಡು ಬಿಡಲೇ ಇಲ್ಲ, ಕ್ಯೂನಲ್ಲಿ ಇದ್ದವರೆಲ್ಲ ನೋಡಿದರು. ಉಮ್ಮ ಅವಳ ಬೆನ್ನು ತಟ್ಟಿ ಬಿಡಿಸಿಕೊಂಡು ನನ್ನ ಕಡೆ ತಿರುಗಿದರು. ಏನು ಮಾಡಬೇಕೆಂದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಅವರ ಶಾಲಿನ ಪಿನ್ ಬಿಚ್ಚಿಕೊಂಡಿತ್ತು, ಸರಿ ಮಾಡಿದೆ. ಒಳಗೆ ಹೋದರು.

ಯಶ್ಮಿತಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಮೂಗು ಸುರಿಯುತ್ತಿತ್ತು. ಟಿಶ್ಯೂ ಕೊಟ್ಟೆ.

“ಆಫಿಯಾ ಅಕ್ಕ,” ಎಂದಳು, ಅಪರೂಪಕ್ಕೆ ಕನ್ನಡದಲ್ಲಿ. “ನೀವು ನನ್ನನ್ನು ಹೇಟ್ ಮಾಡ್ತೀರಾ?”

“ಹೌದು.”

ತಲೆಯಾಡಿಸಿದಳು. ಊಟ ಆಯಿತಾ ಎಂದು ಕೇಳಿದೆ. ಇಲ್ಲ ಎಂದಳು, ಬೆಳಿಗ್ಗೆಯಿಂದ ಏನೂ ತಿಂದಿಲ್ಲವಂತೆ. ಮೇಡಂಗೆ ಹೇಳಿ ಅವಳನ್ನು ಹಳೇ ಪೇಟೆ ಮತ್ರಾಕ್ಕೆ ಕರೆದುಕೊಂಡು ಹೋದೆ, ನಮ್ಮೂರಿನವರ ಹೋಟೆಲಿಗೆ. ಅಕ್ಕಿ ರೊಟ್ಟಿಯಂಥ ಪತ್ತಿರ್ ಬಂತು. ಒಂದು ತುತ್ತು ತಿಂದು, “ಪಾತಿ ಮಾಡಿದಷ್ಟು ತೆಳ್ಳಗಿಲ್ಲ,” ಎಂದಳು. ಉಮ್ಮ ಮಾಡುವುದು ಎಷ್ಟು ತೆಳ್ಳಗಿರುತ್ತದೆ ಎಂದು ನನಗೆ ಸರಿಯಾಗಿ ನೆನಪಿರಲಿಲ್ಲ. ಹೇಗೆ ಲಟ್ಟಿಸುತ್ತಾರೆ ಎಂದು ಕೇಳಿದೆ. ಅವಳು ಮೇಜಿನ ಮೇಲೆ ಬರಿಗೈಯಲ್ಲಿ ಮಾಡಿ ತೋರಿಸಿದಳು.

ಆಗಸ್ಟ್ 2, ಶುಕ್ರವಾರ

ವಿಪರೀತ ಕೆಲಸ. ವೈರಲ್ ಜ್ವರ ಎಲ್ಲೆಡೆ. ನ್ಯುಮೋನಿಯದ ಹುಡುಗ ಮನೆಗೆ ಹೋದ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಳ್ಳೆಯದು.

ಆಗಸ್ಟ್ 9, ಶುಕ್ರವಾರ

ಉಮ್ಮ ಬಾಡಿಗೆ ಮನೆ ಹಿಡಿದಿದ್ದಾರೆ, ಅತ್ತೆಯ ಮನೆಯ ಹಿಂದಿನ ಓಣಿಯಲ್ಲೇ. ದಿನಾ ನನ್ನ ಊಟದ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಾರೆ. ಅವರಿಗೆ ವಿಡಿಯೊ ಕಾಲ್ ಸರಿಯಾಗಿ ಬರುವುದಿಲ್ಲ, ಹೆಚ್ಚಿನ ದಿನ ಅವರ ಕಿವಿ ಕಾಣುತ್ತದೆ.

ರಾಫಿಯಾ ಈಗಲೂ ನನ್ನೊಡನೆ ಮಾತಾಡುವುದಿಲ್ಲ. ಇಂದು ಅಂಗಳದಲ್ಲಿ ಮಣ್ಣಿನಲ್ಲಿ ಏನೋ ತೋಡುತ್ತಾ ಕುಳಿತಿದ್ದಳು, ನಮಗೆ ಬೆನ್ನು ಹಾಕಿ. ಉಮ್ಮ ಎರಡು ಸಲ ಕರೆದರು. ಅವಳು ತಿರುಗಲಿಲ್ಲ.

“ಕರೀಬೇಡಿ,” ಎಂದೆ. “ಆಡ್ಲಿ.”

“ನೋಡ್ತೀಯಾ?”

“ಹ್ಞೂಂ.”

ಅವರು ಫೋನನ್ನು ಅವಳ ಕಡೆ ತಿರುಗಿಸಿದರು. ಅವಳಿಗೆ ಗೊತ್ತಾಗದ ಹಾಗೆ, ಬಾಗಿಲ ಹಿಂದೆ ನಿಂತು, ಕೈಯನ್ನು ಉದ್ದಕ್ಕೆ ಚಾಚಿ. ನಾನು ವಾರ್ಡಿನ ಪ್ಯಾಂಟ್ರಿಯಲ್ಲಿ ಕುಳಿತು ನೋಡಿದೆ. ಅವಳ ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದಿದೆ. ಕೂದಲಿಗೆ ಯಾರೋ ಎರಡು ಜಡೆ ಹಾಕಿದ್ದಾರೆ, ಬೈತಲೆ ನೆಟ್ಟಗಿದೆ. ತೆಂಗಿನ ಚಿಪ್ಪಿಗೆ ಮಣ್ಣು ತುಂಬಿ ಕವುಚಿದಳು, ಮುರಿಯಿತು, ಇನ್ನೊಂದು ತುಂಬಿದಳು. ಬೆಕ್ಕಿಗೆ ಏನೋ ಬೈದಳು. ನನ್ನ ಅನ್ನ ಆರಿ ಹೋಯಿತು.

ಚಿತ್ರ ಸಣ್ಣಗೆ ಅದುರುತ್ತಿತ್ತು. ಮೊದಲು ನೆಟ್‌ವರ್ಕ್ ಎಂದುಕೊಂಡೆ.

“ಉಮ್ಮಾ, ಕೈ ನೋಯ್ತದೆ. ಇಳಿಸಿ,” ಎಂದೆ.

ಉಮ್ಮ ಉತ್ತರ ಕೊಡಲಿಲ್ಲ. ಮಾತಾಡಿದರೆ ಮಗು ತಿರುಗಿ ನೋಡುತ್ತಾಳೆ, ಎದ್ದು ಹೋಗುತ್ತಾಳೆ. ಚಿತ್ರ ಒಮ್ಮೆ ಆಕಾಶಕ್ಕೆ ಹೋಯಿತು, ಮತ್ತೆ ಅಂಗಳಕ್ಕೆ ಬಂತು. ಇನ್ನೊಂದು ಕೈಗೆ ಬದಲಾಯಿಸಿದ್ದರು.